ಮಗಳಿಗೆ ಮಾತು ಕಡಿಮೆ, ಅದಕ್ಕೆ ಸೈನ್ಸ್ ಬೇಡವಂತೆ. ಸ್ವಭಾವಕ್ಕೂ ಮಾರ್ಕ್ಸಿಗೂ ಅಷ್ಟೊಂದು ಸಂಬಂಧ ಇದೆಯಾ?

ನಿಟ್ಟುವಳ್ಳಿ ಟೈಲರಮ್ಮ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವಳು. ನಿಟ್ಟುವಳ್ಳಿಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಬ್ಲೌಸು, ಚೂಡಿದಾರ ಹೊಲಿಯುತ್ತೇನೆ. ಪಿಯುಸಿಗೇ ಓದು ನಿಲ್ಲಿಸಿದವಳು. ಪ್ರಶ್ನೆ ದಡ್ಡತನದ್ದು ಅನಿಸಿದರೆ ನಗಬೇಡಿ. ಇಲ್ಲ, ನಕ್ಕುಬಿಟ್ಟು ಆಮೇಲೆ ಉತ್ತರ ಹೇಳಿ.

ನನಗೆ ಇಬ್ಬರು ಮಕ್ಕಳು. ಮಗಳು ಒಂಬತ್ತನೇ ಕ್ಲಾಸು, ಮಗ ಆರನೇ ಕ್ಲಾಸು. ಒಂದೇ ಮನೆಯ ಮಕ್ಕಳು ಅಂದರೆ ಯಾರೂ ನಂಬುವುದಿಲ್ಲ. ಮಗಳಿಗೆ ಮಾತು ಬಲು ಕಡಿಮೆ. ಗಿರಾಕಿ ಬಂದರೆ ಸುಮ್ನೆ ಎದ್ದು ಒಳಗೆ ಹೋಗುತ್ತಾಳೆ. ಆದರೆ ಅವಳ ನೋಟ್ಸು ನೋಡಬೇಕು ನೀವು. ಮಾರ್ಜಿನ್ ಹಾಕದೆ ಒಂದು ಸಾಲು ಬರೆದವಳಲ್ಲ. ರಾತ್ರಿಯೇ ಟೈಮ್‌ಟೇಬಲ್ ನೋಡಿ ಬ್ಯಾಗು ಜೋಡಿಸಿ ಮಲಗುತ್ತಾಳೆ. ಮಗ ಇದಕ್ಕೆ ಪೂರ್ತಿ ಉಲ್ಟಾ. ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟರೆ ಹತ್ತು ನಿಮಿಷದಲ್ಲಿ ಕಂಡಕ್ಟರ್ ಜೊತೆ ದೋಸ್ತಿ ಬೆಳೆಸಿರುತ್ತಾನೆ. ಈ ವರ್ಷ ಮೂರು ಟಿಫಿನ್ ಡಬ್ಬಿ, ಎರಡು ನೀರಿನ ಬಾಟಲಿ ಕಳೆದಿದ್ದಾನೆ. ಇನ್ನೂ ವರ್ಷ ಮುಗಿದಿಲ್ಲ.

ಹೋದ ತಿಂಗಳು ಸ್ಕೂಲಿನಲ್ಲಿ ಪೋಷಕರ ಸಭೆ ಇತ್ತು. ಅವತ್ತು ಹೊರಗಿನಿಂದ ಇಬ್ಬರು ಪ್ರೊಜೆಕ್ಟರ್ ಹಿಡಿದುಕೊಂಡು ಬಂದಿದ್ದರು. ಹತ್ತು ಬೆರಳಿನ ಅಚ್ಚು ತೆಗೆದುಕೊಂಡು ಮಗುವಿನ ಹುಟ್ಟು ಸ್ವಭಾವ, ಹುಟ್ಟು ಬುದ್ಧಿ, ಮುಂದೆ ಯಾವ ಕೋರ್ಸು ಸರಿ ಅನ್ನುವುದನ್ನೆಲ್ಲ ಹೇಳುತ್ತೇವೆ ಅಂದರು. ಒಬ್ಬರಿಗೆ 3,500 ರೂಪಾಯಿ. ಇಬ್ಬರು ಮಕ್ಕಳಾದರೆ 6,000. ದೀಪಾವಳಿ ಹೊಲಿಗೆಯ ದುಡ್ಡು ಕೈಯಲ್ಲಿತ್ತು. ಕೊಟ್ಟೆ. ಬೈಯುವವರು ಬೈಯಬಹುದು, ಮನೆಯಲ್ಲಿ ಆಗಲೇ ಬೈಸಿಕೊಂಡಿದ್ದೇನೆ.

ಬಣ್ಣದ ಫೈಲಿನಲ್ಲಿ ಒಬ್ಬೊಬ್ಬರಿಗೆ 36 ಹಾಳೆಯ ರಿಪೋರ್ಟು ಬಂತು. ಮಗ ‘ಹುಟ್ಟು ನಾಯಕ, ಎಂಜಿನಿಯರಿಂಗ್ ಸೂಕ್ತ’. ಮಗಳು ‘ಅಂತರ್ಮುಖಿ, ತರ್ಕಶಕ್ತಿ ಕಡಿಮೆ, ಸೈನ್ಸ್ ಬೇಡ’. ಅವಳ ಕ್ಲಾಸ್ ಟೀಚರೂ ಮಾರ್ಕ್ಸ್ ಕಾರ್ಡಿನಲ್ಲಿ ‘ಚುರುಕುತನ ಬೆಳೆಸಿಕೊಳ್ಳಬೇಕು’ ಅಂತಲೇ ಬರೆದಿದ್ದಾರೆ. ಅರ್ಧವಾರ್ಷಿಕದಲ್ಲಿ ಅವಳಿಗೆ ಗಣಿತದಲ್ಲಿ ನೂರಕ್ಕೆ 62, ವಿಜ್ಞಾನದಲ್ಲಿ 68 ಬಂದಿದೆ. ಚಟುವಟಿಕೆ, ಪ್ರಾಜೆಕ್ಟಿಗೆ ಕೊಡುವ ಅಂಕ ಮಾತ್ರ ಪೂರ್ತಿ.

ದುಡ್ಡು ಹೋಗಲಿ. ಮಗಳು ಆ ರಿಪೋರ್ಟನ್ನು ಓದಿಬಿಟ್ಟಳು. ಈಗ ವಿಜ್ಞಾನದ ಪುಸ್ತಕ ತೆಗಿ ಅಂದರೆ, ‘ಹೆಂಗೂ ನನಗೆ ಬರಲ್ಲ ಅಂತ ಬರೆದಿದೆಯಲ್ಲಮ್ಮ’ ಅನ್ನುತ್ತಾಳೆ. ಜಗಳ ಮಾಡಿದ್ದರೆ ನಾನೂ ಜಗಳ ಮಾಡುತ್ತಿದ್ದೆ. ಅವಳು ಅದನ್ನೂ ಮೆತ್ತಗೆ ಹೇಳುತ್ತಾಳೆ.

ನಾನು ದಿನಾ ಅಳತೆ ತೆಗೆಯುವವಳು. ತೋಳಿನ ಅಳತೆ ಬೇಕಾದರೆ ಟೇಪನ್ನು ತೋಳಿಗೇ ಹಿಡಿಯಬೇಕು. ಬೆರಳ ತುದಿಗೆ ಟೇಪು ಹಿಡಿದು ಬ್ಲೌಸು ಹೊಲಿಯಲು ಆಗುತ್ತಾ? ಸ್ವಭಾವ ನೋಡಿ ಓದು ಹೇಳಬಹುದಾ? ಮಾತು ಕಡಿಮೆ ಇರುವ ಮಕ್ಕಳು ನಿಜವಾಗಿಯೂ ಹಿಂದೆ ಬೀಳುತ್ತಾರಾ? ಗೊತ್ತಿದ್ದವರು ಹೇಳಿ.

ಖಾರಮಂಡಕ್ಕಿ

ಅಕ್ಕಾರೆ, ನಾನೂ ಹುಟ್ಟು ನಾಯಕನೇ. ಹೈಸ್ಕೂಲಿನಲ್ಲಿ ಕೊನೇ ಬೆಂಚಿನ ನಾಯಕ. ಇಡೀ ಕ್ಲಾಸಿಗೆ ನನ್ನ ಹೆಸರು ಗೊತ್ತಿತ್ತು, ನನಗೆ ಮಾತ್ರ ಒಂದು ಸೂತ್ರವೂ ಗೊತ್ತಿರಲಿಲ್ಲ. ನನ್ನ ತಂಗಿ ನಿಮ್ಮ ಮಗಳ ಥರ. ಮನೆಗೆ ನೆಂಟರು ಬಂದರೆ ಅಡುಗೆ ಮನೆ ಬಿಟ್ಟು ಈಚೆಗೆ ಬರುತ್ತಿರಲಿಲ್ಲ. ಅವಳೀಗ ಬ್ಯಾಂಕಿನಲ್ಲಿದ್ದಾಳೆ. ನಾನು ಸಂಜೆ ನಾಲ್ಕಕ್ಕೆ ಎಣ್ಣೆ ಬಾಂಡಲಿ ಇಟ್ಟು ಮಿರ್ಚಿ ಬಿಡುತ್ತೇನೆ. ಬೇಜಾರೇನಿಲ್ಲ, ಮಾತಿಗೇ ಅರ್ಧ ಗಿರಾಕಿ ಬರುತ್ತಾರೆ. ಆದರೆ ಮಾತಿಗೆ ಮಾರ್ಕ್ಸು ಬರುವುದಾಗಿದ್ದರೆ ನಾನು ರ‍್ಯಾಂಕ್ ಬರಬೇಕಿತ್ತು.

6,000ಕ್ಕೆ ಇಡೀ ಓಣಿಗೆ ಬೆಣ್ಣೆದೋಸೆ ಕೊಡಿಸಬಹುದಿತ್ತು, ಅದೊಂದೇ ಹೊಟ್ಟೆಯುರಿ.

ಹರಿಹರದ ಅಪ್ಪ

ಎಲ್ಲರೂ ಸುಮ್ನೆ ಆಡಿಕೊಳ್ಳಬೇಡಿ. ನಮ್ಮ ಹುಡುಗನಿಗೂ ಎರಡು ವರ್ಷದ ಹಿಂದೆ ಇದನ್ನು ಮಾಡಿಸಿದ್ದೆವು. ‘ಇವನಿಗೆ ಸಾಮರ್ಥ್ಯ ಇದೆ, ಆದರೆ ಪೂರ್ತಿ ಬಳಸಿಕೊಳ್ಳುತ್ತಿಲ್ಲ. ಕೆಲವು ಸಲ ಎಲ್ಲರೊಂದಿಗೆ ಬೆರೆಯುತ್ತಾನೆ, ಕೆಲವು ಸಲ ಒಬ್ಬನೇ ಇರಲು ಬಯಸುತ್ತಾನೆ’ ಅಂತ ಇತ್ತು. ನೂರಕ್ಕೆ ನೂರು ಸರಿ! ಮನೆಯವರಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿಲ್ಲದ ವಿಷಯ ಅದು. ಬೆರಳು ನೋಡಿ ಹೇಗೆ ಹೇಳಿದರು ಹಾಗಾದರೆ? ಏನೋ ಇದೆ ಅದರಲ್ಲಿ.

ದುರ್ಗದ ಲೆಕ್ಚರರ್

ಅಕ್ಕ, ನಾನು ಚಿತ್ರದುರ್ಗದಲ್ಲಿ ಡಿಗ್ರಿ ಮಕ್ಕಳಿಗೆ ಸೈಕಾಲಜಿ ಪಾಠ ಮಾಡುತ್ತೇನೆ. ನಿಮ್ಮ ಟೇಪಿನ ಮಾತನ್ನು ನಾಳೆ ಕ್ಲಾಸಿನಲ್ಲಿ ಹೇಳುತ್ತೇನೆ, ಬೇಜಾರಿಲ್ಲ ತಾನೆ?

ಮೊದಲು ಹರಿಹರದ ಅಣ್ಣನವರಿಗೆ. ನೀವು ಬರೆದ ಆ ಎರಡು ಸಾಲು ನನಗೂ ಹೊಂದುತ್ತವೆ, ಮಂಡಕ್ಕಿ ಅಣ್ಣನಿಗೂ ಹೊಂದುತ್ತವೆ. 1948ರಲ್ಲಿ ಅಮೆರಿಕದಲ್ಲಿ ಬರ್ಟ್ರಮ್ ಫೋರರ್ ಎಂಬ ಮೇಷ್ಟ್ರು ತಮ್ಮ 39 ವಿದ್ಯಾರ್ಥಿಗಳಿಗೆ ಸ್ವಭಾವದ ಪರೀಕ್ಷೆ ಮಾಡಿದರು. ಆಮೇಲೆ ‘ಇದು ನಿನಗಾಗಿ ಬರೆದದ್ದು’ ಅಂತ ಒಬ್ಬೊಬ್ಬರಿಗೂ ಒಂದು ಹಾಳೆ ಕೊಟ್ಟು, ಎಷ್ಟು ಸರಿಯಾಗಿದೆ ಅಂತ 5ಕ್ಕೆ ಅಂಕ ಹಾಕಿ ಅಂದರು. ಸರಾಸರಿ 4.26 ಬಂತು. ಅಸಲಿಗೆ 39 ಹಾಳೆಯಲ್ಲೂ ಒಂದೇ ಬರಹ ಇತ್ತು. ಬಹುಪಾಲು ಸಾಲುಗಳನ್ನು ಅವರು ತೆಗೆದುಕೊಂಡಿದ್ದು ಅಂಗಡಿಯಲ್ಲಿ ಸಿಗುವ ಭವಿಷ್ಯದ ಪುಸ್ತಕದಿಂದ. ‘ಸಾಮರ್ಥ್ಯ ಇದೆ, ಬಳಸಿಕೊಳ್ಳುತ್ತಿಲ್ಲ’ ಅನ್ನುವುದು ಅದರಲ್ಲೂ ಇತ್ತು! ನಿಮ್ಮ ಮಗನನ್ನು ಯಾರೋ ಒಳಹೊಕ್ಕು ನೋಡಿದರು ಅಂತ ನಿಮಗೆ ಅನಿಸಿದ್ದು ನಿಮ್ಮ ತಪ್ಪಲ್ಲ. ಎಲ್ಲರಿಗೂ ಹಾಗೇ ಅನಿಸುತ್ತದೆ.

ಇನ್ನು ಬೆರಳಚ್ಚು. ಅದು ಮಗು ಹೊಟ್ಟೆಯಲ್ಲಿ ಮೂರು-ನಾಲ್ಕು ತಿಂಗಳಿರುವಾಗಲೇ ಮೂಡುತ್ತದೆ, ಆಮೇಲೆ ಬದಲಾಗುವುದಿಲ್ಲ. ಅದಕ್ಕೇ ಪೊಲೀಸರಿಗೆ, ಆಧಾರ್‌ಗೆ ಉಪಯೋಗ. 1892ರಲ್ಲಿ ಬೆರಳಚ್ಚಿನ ಮೇಲೇ ಒಂದು ಪುಸ್ತಕ ಬರೆದ ಫ್ರಾನ್ಸಿಸ್ ಗಾಲ್ಟನ್ ಎಂಬುವರಿಗೆ ಕೂಡ ಇದರಲ್ಲಿ ಮನುಷ್ಯನ ಸ್ವಭಾವ ಕಾಣಬಹುದು ಅನ್ನುವ ಆಸೆ ಬಹಳ ಇತ್ತು. ಹುಡುಕಿದರು. ಸಿಗಲಿಲ್ಲ, ನನ್ನ ನಿರೀಕ್ಷೆ ಸುಳ್ಳಾಯಿತು ಅಂತ ತಾವೇ ಒಪ್ಪಿಕೊಂಡರು. ನೂರು ವರ್ಷದ ಹಿಂದೆಯೇ ಮುಗಿದ ಕಥೆಯನ್ನು ಈಗ ಬಣ್ಣದ ಫೈಲಿನಲ್ಲಿ ಹಾಕಿ ಮಾರುತ್ತಿದ್ದಾರೆ.

ಹಾಗಂತ ಸ್ವಭಾವಕ್ಕೂ ಓದಿಗೂ ಸಂಬಂಧವೇ ಇಲ್ಲವಾ? ಇದೆ. ಸೈಕಾಲಜಿಯಲ್ಲಿ ಸ್ವಭಾವವನ್ನು ಐದು ದೊಡ್ಡ ಗುಣಗಳಾಗಿ ನೋಡುತ್ತೇವೆ. ಹೊಸದರ ಬಗ್ಗೆ ಕುತೂಹಲ ಒಂದು. ಹಿಡಿದ ಕೆಲಸವನ್ನು ಅಚ್ಚುಕಟ್ಟಾಗಿ, ಹೊತ್ತಿಗೆ ಸರಿಯಾಗಿ ಮುಗಿಸುವುದು ಇನ್ನೊಂದು. ನಾಲ್ಕು ಜನರ ಜೊತೆ ಬೆರೆಯುವುದು, ಹೊಂದಿಕೊಂಡು ಹೋಗುವುದು, ಆಮೇಲೆ ಬೇಗ ಗಾಬರಿಯಾಗುವುದು. ಪ್ರತಿಯೊಬ್ಬರಲ್ಲೂ ಐದೂ ಇರುತ್ತವೆ. ಒಬ್ಬರಲ್ಲಿ ಒಂದು ಜಾಸ್ತಿ, ಇನ್ನೊಬ್ಬರಲ್ಲಿ ಇನ್ನೊಂದು. ನೀನು ಅಂತರ್ಮುಖಿ, ನೀನು ಬಹಿರ್ಮುಖಿ ಅಂತ ಎರಡು ಡಬ್ಬಿ ಮಾಡಿ ಹಾಕಲು ಬರುವುದಿಲ್ಲ. ಎತ್ತರದ ಥರ ಅದು. ಬಹಳ ಜನ ನಡುವಿನಲ್ಲೇ ಇರುತ್ತಾರೆ.

ಇವುಗಳಲ್ಲಿ ಓದಿಗೆ ಯಾವುದು ನಂಟು ಅಂತ ನೋಡಲು 2009ರಲ್ಲಿ ಆರ್ಥರ್ ಪೊರೊಪ್ಯಾಟ್ ಎಂಬ ಸಂಶೋಧಕರು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿದರು. 70,000ಕ್ಕೂ ಜಾಸ್ತಿ ವಿದ್ಯಾರ್ಥಿಗಳ ಲೆಕ್ಕ ಅದು. ನಂಟು ಎಷ್ಟು ಗಟ್ಟಿ ಅಂತ ಹೇಳಲು ನಾವು 0ಯಿಂದ 1ರವರೆಗಿನ ಒಂದು ಅಳತೆ ಇಟ್ಟುಕೊಳ್ಳುತ್ತೇವೆ. 0 ಅಂದರೆ ನಂಟೇ ಇಲ್ಲ. 1 ಅಂದರೆ ಒಂದನ್ನು ನೋಡಿ ಇನ್ನೊಂದನ್ನು ಕಣ್ಣುಮುಚ್ಚಿ ಹೇಳಬಹುದು. ಅಚ್ಚುಕಟ್ಟಿನ ಗುಣಕ್ಕೆ ಬಂದದ್ದು ಸುಮಾರು 0.2. ಕುತೂಹಲಕ್ಕೆ ಅದರ ಅರ್ಧ. ಬೆರೆಯುವ ಗುಣಕ್ಕೆ? ಹೆಚ್ಚುಕಡಿಮೆ ಸೊನ್ನೆ! ಪ್ರೈಮರಿಯಲ್ಲಿ ಮಾತುಗಾರ ಮಕ್ಕಳಿಗೆ ಸ್ವಲ್ಪ ಅನುಕೂಲ ಕಾಣುತ್ತದೆ. ಹೈಸ್ಕೂಲಿಗೆ ಬರುವಷ್ಟರಲ್ಲಿ ಅದು ಕರಗಿಹೋಗುತ್ತದೆ.

ನಮ್ಮ ಕೋಟೆಗೆ ಡಿಸೆಂಬರಿನಲ್ಲಿ ಸ್ಕೂಲ್ ಟ್ರಿಪ್ಪಿನ ಮಕ್ಕಳು ಬರುವುದನ್ನು ನೋಡಿದ್ದೀರಲ್ಲ. ಓಬವ್ವನ ಕಿಂಡಿಯಲ್ಲಿ ನಾನು ಮೊದಲು ಅಂತ ಕಿರುಚಿಕೊಂಡು ತೂರುವವರು ಕೆಲವರು. ಹಿಂದೆ ನಿಂತು ತಮ್ಮ ಸರದಿ ಕಾಯುವವರು ಕೆಲವರು. ಎರಡೂ ಗುಂಪಿನವರು ಆಚೆ ದಾಟುತ್ತಾರೆ. ಕೂಗಿದವರ ಹೆಸರು ಟೀಚರಿಗೆ ನೆನಪಿರುತ್ತದೆ, ಅಷ್ಟೇ ವ್ಯತ್ಯಾಸ. ‘ಚುರುಕು’ ಅನ್ನುವ ಪದ ನಮ್ಮಲ್ಲಿ ಹೀಗೇ ಹುಟ್ಟುತ್ತದೆ ಅಂತ ನನಗೆ ಗುಮಾನಿ.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ಶಿಸ್ತು ಇದ್ದರೆ ಎಲ್ಲ ಬರುತ್ತದೆ ಅನ್ನುವುದೂ ಪೂರ್ತಿ ನಿಜ ಅಲ್ಲ. 2022ರಲ್ಲಿ ಮಮ್ಮಾದೋವ್ ಎಂಬುವರು 4,13,074 ವಿದ್ಯಾರ್ಥಿಗಳ ಮಾಹಿತಿ ಒಟ್ಟು ಮಾಡಿದ ಇನ್ನೂ ದೊಡ್ಡ ಲೆಕ್ಕ ಕೊಟ್ಟರು. ಬುದ್ಧಿಶಕ್ತಿ ಮತ್ತು ಐದೂ ಗುಣಗಳನ್ನು ಸೇರಿಸಿದರೂ ಮಕ್ಕಳ ಅಂಕಗಳ ನಡುವಿನ ವ್ಯತ್ಯಾಸದಲ್ಲಿ ವಿವರಿಸಲು ಆದದ್ದು ನೂರಕ್ಕೆ 27.8 ಪಾಲು ಮಾತ್ರ. ಅದರಲ್ಲಿ ದೊಡ್ಡ ಪಾಲು ಬುದ್ಧಿಶಕ್ತಿಯದು, ಎರಡನೆಯದು ಅಚ್ಚುಕಟ್ಟಿನದು. ಉಳಿದ ಎಪ್ಪತ್ತು ಚಿಲ್ಲರೆ ಪಾಲು ಇವುಗಳ ಆಚೆ ಇದೆ. ಮೇಷ್ಟ್ರು, ಮನೆ, ದುಡ್ಡು, ನಿದ್ದೆ, ಓದುವ ರೀತಿ, ಅವತ್ತು ಬಂದ ಪ್ರಶ್ನೆಪತ್ರಿಕೆ, ಇಂಥವೆಲ್ಲ ಅದರೊಳಗೆ ಬರುತ್ತವೆ. ಲಕ್ಷಗಟ್ಟಲೆ ಮಕ್ಕಳನ್ನು ನೋಡಿ ಇಷ್ಟು ಹೇಳಲು ನಮಗೆ ತಿಣುಕಾಟ. ಹತ್ತು ಬೆರಳು ನೋಡಿ ಒಂದು ಹುಡುಗಿಗೆ ಸೈನ್ಸ್ ಬೇಡ ಅನ್ನುವವರ ಧೈರ್ಯ ಮೆಚ್ಚಬೇಕು.

ನಿಟ್ಟುವಳ್ಳಿ ಟೈಲರಮ್ಮ

ಮೇಡಂ, ಎರಡು ಸಲ ಓದಿದೆ. ಹೊಲಿಗೆ ಅರ್ಧಕ್ಕೇ ನಿಂತಿದೆ, ಗಿರಾಕಿ ಫೋನ್ ಮಾಡುತ್ತಿದ್ದಾರೆ. ಟೇಪಿನ ಮಾತು ಧಾರಾಳವಾಗಿ ಹೇಳಿ.

ಆದರೆ ಒಂದು ಅರ್ಥ ಆಗಲಿಲ್ಲ. ಅಚ್ಚುಕಟ್ಟಿನ ಗುಣಕ್ಕೆ ಮಾರ್ಕ್ಸು ಬರುವುದಾದರೆ ನನ್ನ ಮಗಳಿಗೆ ಯಾಕೆ 62? ಅವಳಿಗಿಂತ ಅಚ್ಚುಕಟ್ಟಾದ ಹುಡುಗಿಯನ್ನು ನಾನು ನೋಡಿಲ್ಲ. ಪರೀಕ್ಷೆ ದಿನ ಹೊಟ್ಟೆನೋವು ಅನ್ನುತ್ತಾಳೆ, ಅದು ಬೇರೆ. ಇಡೀ ವರ್ಷ ಪುಸ್ತಕಕ್ಕೆ ಬೈಂಡು ಹಾಕಿ ಇಟ್ಟುಕೊಂಡವಳಿಗಿಂತ ಡಬ್ಬಿ ಕಳೆಯುವವನಿಗೆ ಜಾಸ್ತಿ ಬಂದಿದೆ. 71!

ರಿಟೈರ್ಡ್ ಗಣಿತ ಮೇಷ್ಟ್ರು

ಅಮ್ಮಾ, ನಿನ್ನ ಪ್ರಶ್ನೆ ನನಗೆ ಬಿಡು. ನಾನು ಚಳ್ಳಕೆರೆ ತಾಲ್ಲೂಕಿನ ಹಳ್ಳಿಗಳ ಸರ್ಕಾರಿ ಹೈಸ್ಕೂಲುಗಳಲ್ಲಿ 31 ವರ್ಷ ಗಣಿತ ಕಲಿಸಿದವನು. ಲೆಕ್ಚರರ್ ಮೇಡಂ ಲಕ್ಷದ ಲೆಕ್ಕ ಹೇಳಿದರು, ನನ್ನ ಹತ್ತಿರ ಇರುವುದು ಒಂದು ಹಳೇ ಅಂಕಪಟ್ಟಿಯ ಪುಸ್ತಕ.

ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತಕ್ಕೆ 20 ಅಂಕ ನಮ್ಮ ಕೈಯಲ್ಲಿ, ಇಂಟರ್ನಲ್. 80 ಅಂಕ ಬೋರ್ಡಿನ ಪರೀಕ್ಷೆಯಲ್ಲಿ. ನಾನು ಎರಡನ್ನೂ ಪಕ್ಕಪಕ್ಕ ಬರೆದುಕೊಳ್ಳುತ್ತಿದ್ದೆ. ಸುಮ್ನೆ ಚಟ. ಕೆಲವು ವರ್ಷ ಆದ ಮೇಲೆ ಒಂದು ವಿಚಿತ್ರ ಕಾಣಿಸಿತು. 20ಕ್ಕೆ 19 ಕೊಟ್ಟ ಮಕ್ಕಳಲ್ಲಿ ಕೆಲವರು 80ಕ್ಕೆ 45ರ ಹತ್ತಿರ ನಿಂತುಬಿಡುತ್ತಿದ್ದರು. 11, 12 ಕೊಟ್ಟವರಲ್ಲಿ ಒಬ್ಬಿಬ್ಬರು 70 ದಾಟುತ್ತಿದ್ದರು. ನಾನು 19 ಕೊಟ್ಟಿದ್ದು ಯಾತಕ್ಕೆ? ಪ್ರಾಜೆಕ್ಟು ಹೇಳಿದ ದಿನಕ್ಕೆ ಬಂತು. ಸ್ಕೇಲ್ ಇಟ್ಟು ಗೆರೆ ಎಳೆದಿತ್ತು. ಮಗು ಕ್ಲಾಸಿನಲ್ಲಿ ಗಲಾಟೆ ಮಾಡಲಿಲ್ಲ. ಅಂದರೆ ನಾನು ಅಂಕ ಕೊಟ್ಟಿದ್ದು ಬಹುಪಾಲು ಸ್ವಭಾವಕ್ಕೆ, ಗಣಿತಕ್ಕಲ್ಲ. ಇದು ಹೊಳೆಯಲು ನನಗೆ ಅಷ್ಟು ವರ್ಷ ಬೇಕಾಯಿತು.

ನಿನ್ನ ಮಗಳು ಆ 19ರ ಮಗು ಅಂತ ನನ್ನ ಅಂದಾಜು. ಒಂದು ಪರೀಕ್ಷೆ ಮಾಡಿ ನೋಡು. ಅವಳ ಚೆಂದದ ನೋಟ್ಸಿನಲ್ಲಿ ಮಾಡಿಟ್ಟ ಒಂದು ಲೆಕ್ಕವನ್ನೇ ಕೊಡು, ನೋಟ್ಸು ಮುಚ್ಚಿಡು. ಮಾಡುತ್ತಾಳಾ ನೋಡು. ಇಂಥ ಮಕ್ಕಳು ಲೆಕ್ಕವನ್ನು ಬೋರ್ಡಿನಿಂದ ಇಳಿಸಿಕೊಳ್ಳುತ್ತಾರೆ, ಮನೆಯಲ್ಲಿ ಮತ್ತೆ ಅಂದವಾಗಿ ಬರೆಯುತ್ತಾರೆ, ಪರೀಕ್ಷೆಯ ಹಿಂದಿನ ರಾತ್ರಿ ಅದನ್ನೇ ಓದುತ್ತಾರೆ. ಓದಿದಾಗ ಎಲ್ಲ ಗೊತ್ತಿದೆ ಅನಿಸುತ್ತದೆ. ಲೆಕ್ಕ ಓದುವ ವಸ್ತುವಲ್ಲಮ್ಮ. ನೀನು ಹೊಲಿಗೆಯನ್ನು ನೋಡಿ ಕಲಿತೆಯಾ, ಬಟ್ಟೆ ಕೆಡಿಸಿ ಕಲಿತೆಯಾ?

ಅಚ್ಚುಕಟ್ಟಿನ ಮಕ್ಕಳಿಗೆ ತಪ್ಪು ಮಾಡಲು ಭಯ. ಹಾಳೆ ಗಲೀಜಾಗುತ್ತದೆ ಅಂತ ಸಂಕಟ. ನಾನು ಅಂಥವರಿಗೆ ಒಂದು ಪುಸ್ತಕ ಬೇರೆ ಇಡಿಸುತ್ತಿದ್ದೆ. ಅದರಲ್ಲಿ ಮಾರ್ಜಿನ್ ಹಾಕಿದರೆ ಬೈಗುಳ. ಗೀಚಬೇಕು, ಹೊಡೆದು ಹಾಕಬೇಕು, ಮೂರು ಸಲ ತಪ್ಪಾಗಬೇಕು. ಆ ಪುಸ್ತಕವನ್ನು ನಾನು ತಿದ್ದುತ್ತಿರಲಿಲ್ಲ. ಎಷ್ಟು ಹಾಳೆ ಮುಗಿಯಿತು ಅಂತ ಮಾತ್ರ ಕೇಳುತ್ತಿದ್ದೆ. ನಿನ್ನ ಮಗಳ ಒಳ್ಳೆಯ ಗುಣ ಇರುವುದು ಇಲ್ಲೇ. ದಿನಾ ಐದು ಲೆಕ್ಕ ಅಂದರೆ ಅವಳು ದಿನಾ ಐದು ಮಾಡುತ್ತಾಳೆ. ನಿನ್ನ ಮಗ ಮೂರನೇ ದಿನ ಪುಸ್ತಕ ಕಳೆದಿರುತ್ತಾನೆ.

ಹೊಟ್ಟೆನೋವಿನ ವಿಷಯ. ಬೋರ್ಡ್ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಓದಲು 15 ನಿಮಿಷ ಕೊಡುತ್ತಾರೆ. ಗಾಬರಿ ಸ್ವಭಾವದ ಮಕ್ಕಳು ಆ ಹೊತ್ತಿನಲ್ಲಿ ಬರದ ಪ್ರಶ್ನೆಯನ್ನೇ ಹುಡುಕಿ ಬೆವರುತ್ತಾರೆ. ‘ಮೊದಲು ಬರುವ ಎರಡು ಲೆಕ್ಕ ಹುಡುಕು, ಉಳಿದದ್ದರ ಕಡೆ ಆಮೇಲೆ ನೋಡು’ ಅಂತ ಈಗಿನಿಂದಲೇ ಅಭ್ಯಾಸ ಮಾಡಿಸು. ಸಣ್ಣ ಪರೀಕ್ಷೆಗಳಲ್ಲೂ ಹಾಗೇ ಮಾಡಲಿ. ಹೊಟ್ಟೆನೋವು ಜೋರಾಗಿ ಊಟ, ನಿದ್ದೆ ಕೆಡುವಂತಿದ್ದರೆ ಮಾತ್ರ ಡಾಕ್ಟರಿಗೆ ತೋರಿಸು, ಮುಂದೂಡಬೇಡ.

ಇನ್ನು ರಿಪೋರ್ಟಿನ ವಿಷಯದಲ್ಲಿ ನನಗೆ ಅವರ ಮೇಲೆ ಕೋಪ ಮಾಡುವ ಹಕ್ಕು ಪೂರ್ತಿ ಇಲ್ಲ. ನಾನೂ ಬೆರಳಚ್ಚಿಲ್ಲದೆ ಅದೇ ಕೆಲಸ ಮಾಡಿದ್ದೇನೆ.

ಒಬ್ಬ ಹುಡುಗನ ಬಗ್ಗೆ ‘ಜವಾಬ್ದಾರಿ ಇಲ್ಲ’ ಅಂತ ಬರೆದಿದ್ದೆ. ಹೋಂವರ್ಕ್ ತರುತ್ತಿರಲಿಲ್ಲ, ಶೇಂಗಾ ಕೀಳುವ ಕಾಲದಲ್ಲಿ ಎರಡು ವಾರ ನಾಪತ್ತೆ, ನೋಟ್‌ಬುಕ್ಕಿನ ಅರ್ಧ ಹಾಳೆ ಇರಲಿಲ್ಲ. ಆಗ ಎಸ್‌ಎಸ್‌ಎಲ್‌ಸಿ ಮಕ್ಕಳನ್ನು ಮೇಷ್ಟ್ರುಗಳಿಗೆ ದತ್ತು ಅಂತ ಹಂಚಿ, ಮನೆಗೆ ಹೋಗಿ ನೋಡಿ ಬನ್ನಿ ಅನ್ನುತ್ತಿದ್ದರು. ಇವನು ನನ್ನ ಪಾಲಿಗೆ ಬಂದ. ಒಂದು ಸಂಜೆ ಅವರ ಹಟ್ಟಿಗೆ ಹೋದೆ. ಕತ್ತಲಾಗುತ್ತಿತ್ತು. ಹುಡುಗ ಕುರಿಗಳನ್ನು ರೊಪ್ಪಕ್ಕೆ ಹೊಡೆಯುತ್ತಿದ್ದ. ಅರವತ್ತರ ಮೇಲೆ ಇದ್ದವು. ಎಣಿಸುತ್ತಿರುವಂತೆ ಕಾಣಲಿಲ್ಲ. ಥಟ್ಟನೆ, ‘ಕಿವಿ ಹರಿದಿದ್ದು ಬಂದಿಲ್ಲ ಸಾರ್, ತಡಿರಿ’ ಅಂತ ಬ್ಯಾಟರಿ ತಗೊಂಡು ಹೊರಟ. ಮುಕ್ಕಾಲು ಗಂಟೆ ಆದ ಮೇಲೆ ಅದನ್ನು ಹೊತ್ತುಕೊಂಡು ಬಂದ. ಅಷ್ಟರಲ್ಲಿ ಅವರಪ್ಪ ಹೇಳಿದರು, ಕರುಳುಬೇನೆ ಲಸಿಕೆ ಯಾವತ್ತು ಹಾಕಿಸಬೇಕು, ಯಾವ ಕುರಿ ಯಾವಾಗ ಈದಿದ್ದು ಎಲ್ಲ ಇವನ ತಲೆಯಲ್ಲೇ ಅಂತೆ.

ಜವಾಬ್ದಾರಿ ಇಲ್ಲವಂತೆ! ನಾನು ಬರೆದದ್ದು. ಆ ಹಟ್ಟಿಯಲ್ಲಿ ಪುಸ್ತಕ ಇಡಲು ಒಂದು ಗೂಡೂ ಇರಲಿಲ್ಲ. ನೋಟ್‌ಬುಕ್ಕಿನ ಅರ್ಧ ಹಾಳೆ ಒಲೆಗೆ ಹೋಗಿತ್ತು. ಗುಣ ಅವನಲ್ಲಿ ಬೇಕಾದಷ್ಟಿತ್ತು, ಅದು ಕುರಿಗೆ ಹೋಗುತ್ತಿತ್ತು, ನನ್ನ ಗಣಿತಕ್ಕೆ ಬರುತ್ತಿರಲಿಲ್ಲ ಅಷ್ಟೇ. ಸ್ಟಾಫ್ ರೂಮಿನ ಬೀರುವಿನಲ್ಲಿ ಅವನಿಗೊಂದು ಖಾನೆ ಬಿಟ್ಟುಕೊಟ್ಟೆ. ಕೊನೇ ಬೆಲ್ಲಾದ ಮೇಲೆ ಅರ್ಧ ಗಂಟೆ ಅಲ್ಲೇ ಕೂತು ಹೋಂವರ್ಕ್ ಮುಗಿಸಿ, ಪುಸ್ತಕ ಅಲ್ಲೇ ಇಟ್ಟು ಹೋಗುತ್ತಿದ್ದ. ರ‍್ಯಾಂಕೇನೂ ಬರಲಿಲ್ಲ. ಗಣಿತದಲ್ಲಿ 58 ಬಂತು. ಆ ಹಟ್ಟಿಯಲ್ಲಿ ಮೊದಲ ಸಲಕ್ಕೇ ಎಸ್‌ಎಸ್‌ಎಲ್‌ಸಿ ಪಾಸಾದ ಮೊದಲ ಹುಡುಗ ಅಂತ ಟಗರಿನ ಊಟ ಹಾಕಿಸಿದರು. ನಾನು ಆ ಷರಾ ಬರೆದಿದ್ದೆ ಅಂತ ಅವರಿಗೆ ಹೇಳಲಿಲ್ಲ.

ದುರ್ಗದ ಲೆಕ್ಚರರ್

ಮೇಷ್ಟ್ರೇ, ನಿಮ್ಮ 19ರ ಮಕ್ಕಳ ಲೆಕ್ಕ ಸಂಶೋಧನೆಯಲ್ಲೂ ಇದೆ. ಟೀಚರ್ ಕೊಡುವ ಅಂಕಗಳ ಜೊತೆ ಶಿಸ್ತಿನ ನಂಟು ಗಟ್ಟಿ. ಹೊರಗಿನವರು ನಡೆಸುವ ಪರೀಕ್ಷೆಯಲ್ಲಿ ಆ ನಂಟು ಸಡಿಲವಾಗುತ್ತದೆ, ಅಲ್ಲಿ ಬುದ್ಧಿಶಕ್ತಿಯ ಪಾಲು ಜಾಸ್ತಿ ಆಗುತ್ತದೆ. ಆಂಜೆಲಾ ಡಕ್‌ವರ್ತ್ ಎಂಬುವರು ಅಮೆರಿಕದ ಎಂಟನೇ ಕ್ಲಾಸಿನ ಮಕ್ಕಳನ್ನು ನೋಡಿ 2006ರಲ್ಲಿ ಹೇಳಿದ್ದು ಇನ್ನೊಂದಿದೆ. ಹುಡುಗಿಯರಿಗೆ ಸ್ಕೂಲಿನ ಅಂಕಗಳಲ್ಲಿ ಸಿಗುವ ಮುನ್ನಡೆಗೆ ಒಂದು ಕಾರಣ ಅವರ ಸ್ವಶಿಸ್ತು ಅಂತ. ಪ್ರತಿ ವರ್ಷ ರಿಸಲ್ಟ್ ಬಂದ ಮರುದಿನ ಪೇಪರಿನಲ್ಲಿ ‘ಬಾಲಕಿಯರೇ ಮೇಲುಗೈ’ ಅಂತ ಬರುತ್ತದಲ್ಲ, ಅದನ್ನು ಓದುವಾಗೆಲ್ಲ ನನಗೆ ಇದೇ ನೆನಪಾಗುತ್ತದೆ.

ಕುರಿ ಹುಡುಗನ ವಿಷಯಕ್ಕೆ ಒಂದು ಸೇರಿಸುತ್ತೇನೆ. ಮಗುವಿನ ಮುಂದೆ ಒಂದು ಮಿಠಾಯಿ ಇಟ್ಟು, ಈಗ ತಿನ್ನದೆ ಕಾದರೆ ಇನ್ನೊಂದು ಕೊಡುತ್ತೇನೆ ಅನ್ನುವ ಪ್ರಯೋಗದ ಬಗ್ಗೆ ಕೇಳಿರುತ್ತೀರಿ, ವಾಲ್ಟರ್ ಮಿಶೆಲ್ ಅವರದು. ಕಾದ ಮಕ್ಕಳು ಮುಂದೆ ಚೆನ್ನಾಗಿ ಓದಿದರು ಅಂತ ಎಲ್ಲ ಭಾಷಣಗಳಲ್ಲೂ ಹೇಳುತ್ತಾರೆ. 2018ರಲ್ಲಿ ಅದನ್ನೇ ಸುಮಾರು 900 ಮಕ್ಕಳ ಮಾಹಿತಿಯಲ್ಲಿ ಮತ್ತೆ ನೋಡಿದರು. ನಂಟು ಅರ್ಧಕ್ಕೆ ಇಳಿಯಿತು. ತಾಯಿಯ ಓದು, ಮನೆಯ ಪರಿಸ್ಥಿತಿ ಎಲ್ಲ ಲೆಕ್ಕಕ್ಕೆ ತಗೊಂಡರೆ ಉಳಿದದ್ದು ಅದಕ್ಕಿಂತಲೂ ಕಡಿಮೆ. ಈ ಭಾಗ ಭಾಷಣಗಳಲ್ಲಿ ಬರುವುದಿಲ್ಲ.

ಅಕ್ಕ, ದಿನಾ ಐದು ಲೆಕ್ಕ ಅನ್ನುವುದಕ್ಕೆ ಒಂದು ಗಂಟು ಹಾಕಿ. ‘ಸಂಜೆ ಮಾಡುತ್ತೇನೆ’ ಅಂದರೆ ಜಾರಿಹೋಗುತ್ತದೆ. ‘ಕಾಫಿ ಲೋಟ ತೊಳೆದಿಟ್ಟ ತಕ್ಷಣ ಕೂರುತ್ತೇನೆ’ ಅಂದರೆ ನಿಲ್ಲುತ್ತದೆ. ಪೀಟರ್ ಗೋಲ್‌ವಿಟ್ಸರ್ ಎಂಬುವರು ಇದನ್ನು ಬಹಳ ಅಧ್ಯಯನ ಮಾಡಿದ್ದಾರೆ. ನಿಮ್ಮ ಮಗನಿಗೂ ಇದು ಆಗಬಹುದು. ‘ಡಬ್ಬಿ ಮರೆಯಬೇಡ’ ಅನ್ನಬೇಡಿ. ‘ಕೊನೇ ಬೆಲ್ಲಾದ ಕೂಡಲೇ ಬೆಂಚಿನ ಕೆಳಗೆ ಕೈ ಹಾಕು’ ಅನ್ನಿ.

ಹರಿಹರದ ಅಪ್ಪ

ನಿನ್ನೆ ರಾತ್ರಿ ಆ ಸಾಲುಗಳನ್ನು ನನ್ನ ಹೆಂಡತಿಗೆ, ‘ಇದು ನಿನ್ನ ರಿಪೋರ್ಟು’ ಅಂತ ಹೇಳಿ ಓದಿದೆ. ‘ಯಾರು ಬರೆದಿದ್ದು, ಎಷ್ಟು ಸರಿಯಾಗಿ ಹೇಳಿದ್ದಾರೆ’ ಅಂದಳು. ಇನ್ನು ನಾನು ಮಾತಾಡುವುದಿಲ್ಲ.

ಖಾರಮಂಡಕ್ಕಿ

ಅಣ್ಣಾರೆ, ಇವತ್ತು ಸಂಜೆ ದಾವಣಗೆರೆ ಕಡೆ ಬಂದರೆ ಮಿರ್ಚಿ ನನ್ನ ಲೆಕ್ಕ.

ನಿಟ್ಟುವಳ್ಳಿ ಟೈಲರಮ್ಮ

ಎಲ್ಲರಿಗೂ ತಡವಾಗಿ ಉತ್ತರ ಬರೆಯುತ್ತಿದ್ದೇನೆ. ಮದುವೆ ಸೀಸನ್ನು, ಹನ್ನೆರಡು ಬ್ಲೌಸು ಕೂತಿದ್ದವು.

ಮೇಡಂ ಹೇಳಿದ್ದು ಓದಿ ಪಕ್ಕದ ಮನೆಯವರ ಹತ್ತಿರ ಹೋದೆ. ಅವರೂ ಅವತ್ತೇ ಮಾಡಿಸಿದ್ದರು. ಎರಡು ಫೈಲನ್ನೂ ಕಟಿಂಗ್ ಟೇಬಲ್ ಮೇಲೆ ಪಕ್ಕಪಕ್ಕ ಹರಡಿದೆವು. ಬಣ್ಣದ ಚಿತ್ರ, ನಂಬರುಗಳು ಬೇರೆ. 14ನೇ ಹಾಳೆ ಮಾತ್ರ ಅಕ್ಷರಕ್ಕೆ ಅಕ್ಷರ ಒಂದೇ. ಅವರ ಹುಡುಗಿ ಕಬಡ್ಡಿ ಆಡುವವಳು, ಓಣಿ ಎಲ್ಲ ಕೇಳುವ ಗಂಟಲು. ಅವಳಿಗೂ ‘ಕೆಲವು ಸಲ ಒಬ್ಬಳೇ ಇರಲು ಬಯಸುತ್ತಾಳೆ’ ಅಂತ ಇದೆ. ನಾವಿಬ್ಬರೂ ಎಷ್ಟು ನಕ್ಕೆವು ಅಂದರೆ ಒಳಗಿಂದ ಮಗಳು ಈಚೆ ಬಂದು ನೋಡಿದಳು. ಗಿರಾಕಿ ಇರುವಾಗಲೇ ಬಂದಳು! ಎರಡು ಫೈಲನ್ನೂ ಅವಳೇ ಓದಿ ನೋಡಿದಳು. ಏನೂ ಹೇಳಲಿಲ್ಲ. ತನ್ನದನ್ನು ಎತ್ತಿಕೊಂಡು ಹೋದಳು.

ಮೇಷ್ಟ್ರೇ, ನೀವು ಹೇಳಿದ ಪರೀಕ್ಷೆಯನ್ನೂ ಮಾಡಿದೆ. ನೋಟ್ಸು ಮುಚ್ಚಿಟ್ಟು ಅವಳದೇ ಲೆಕ್ಕ ಕೊಟ್ಟೆ. ಮೂರರಲ್ಲಿ ಒಂದು ಮಾಡಿದಳು. ಇನ್ನೆರಡನ್ನು ನೋಡುತ್ತಾ ಕೂತಳು. ಪಾಪ, ಅವಳಿಗೇ ಆಶ್ಚರ್ಯ. ಬಟ್ಟೆ ಕೆಡಿಸಿ ಕಲಿತೆಯಾ ಅಂತ ಕೇಳಿದಿರಲ್ಲ, ಹೌದು. ನಮ್ಮಮ್ಮನ ಒಂದು ಮೊಳಕಾಲ್ಮೂರು ಸೀರೆಗೆ ನಾನು ಕತ್ತರಿ ಹಾಕಿ ಮಾಡಿದ ಅನಾಹುತದ ಕಥೆಯನ್ನು ಅವಳಿಗೆ ಅವತ್ತು ಹೇಳಿದೆ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ.

ಗೀಚುವ ಪುಸ್ತಕ ತಂದುಕೊಡುತ್ತೇನೆ ಅಂದರೆ ಬೇಡ ಅಂದಳು. ಆ ರಿಪೋರ್ಟಿನ 36 ಹಾಳೆಯೂ ಒಂದೇ ಕಡೆ ಪ್ರಿಂಟ್ ಆಗಿದೆಯಂತೆ. ಹಿಂದುಗಡೆ ಎಲ್ಲ ಖಾಲಿ. ದಪ್ಪ ಹಾಳೆ, ಇಂಕು ಇಳಿಯುವುದಿಲ್ಲ. ಕಾಫಿ ಲೋಟ ತೊಳೆದಿಟ್ಟು ಕೂರುತ್ತಾಳೆ. ನಿನ್ನೆ ರಾತ್ರಿ ನೋಡಿದೆ, 9ನೇ ಹಾಳೆಯವರೆಗೆ ಮುಗಿದಿದೆ. ಒಂದೇ ಲೆಕ್ಕವನ್ನು ನಾಲ್ಕು ಸಲ ಹೊಡೆದು ಹಾಕಿದ್ದಾಳೆ. ಮಾರ್ಜಿನ್ ಇಲ್ಲ.

ಡಿಸೆಂಬರ್ ಟೆಸ್ಟಿನ ಮಾರ್ಕ್ಸು ಇನ್ನೂ ಬಂದಿಲ್ಲ. ಬಂದರೆ ಬರೆಯುತ್ತೇನೆ. ಮಗನ 36 ಹಾಳೆ ಹಾಗೇ ಇದೆ, ಅವಳದು ಮುಗಿದ ಮೇಲೆ ಅದನ್ನೂ ಕೇಳುತ್ತಿದ್ದಾಳೆ.

ಮೇಡಂ, ಬೆಂಚಿನ ಕೆಳಗೆ ಕೈ ಹಾಕುವುದು ಮೂರು ದಿನ ನಡೆಯಿತು. ನಾಲ್ಕನೇ ದಿನ ಹುಟ್ಟು ನಾಯಕ ಡಬ್ಬಿ ತಂದಿದ್ದಾನೆ. ಬೇರೆ ಯಾರದ್ದೋ.